ಮಡಿಕೇರಿಯ ಹೆಸರು ಮುದ್ದುರಾಜನದಲ್ಲ

ಕೊಡಗಿನ ಬಗ್ಗೆ ಬರೆದ ಯಾವ ಪ್ರವಾಸಿ ಕೈಪಿಡಿಯನ್ನು ತೆರೆದರೂ, ಮಡಿಕೇರಿಯ ಪರಿಚಯ ಒಂದೇ ವಾಕ್ಯದಿಂದ ಶುರುವಾಗುತ್ತದೆ: ಹಾಲೇರಿ ವಂಶದ ಮುದ್ದುರಾಜ 1681ರಲ್ಲಿ ಈ ಊರನ್ನು ಕಟ್ಟಿಸಿದ, ಊರು ಅವನ ಹೆಸರಿನಿಂದ ಮುದ್ದುರಾಜಕೇರಿ ಎನಿಸಿಕೊಂಡಿತು, ಆಡುಮಾತಿನಲ್ಲಿ ಸವೆದು ಮಡಿಕೇರಿಯಾಯಿತು, ಇಂಗ್ಲಿಷರ ಬಾಯಲ್ಲಿ ಮರ್ಕಾರ ಆಯಿತು. ಶಾಲೆಯ ಪ್ರಬಂಧಗಳು, ದಸರಾ ವಿಶೇಷಾಂಕಗಳು, ಭಾಷಣಗಳು, ಸರ್ಕಾರಿ ಪರಿಚಯಪತ್ರಗಳು ಈ ವಾಕ್ಯವನ್ನು ಒಂದರಿಂದ ಇನ್ನೊಂದು ಎತ್ತಿಕೊಳ್ಳುತ್ತ ಬಂದಿವೆ; ಹೀಗೆ ಎತ್ತಿಕೊಂಡವರಾರೂ ಆ ವಾಕ್ಯದಲ್ಲಿ ಎರಡು ಬೇರೆ ಬೇರೆ ಹೇಳಿಕೆಗಳು ಅಂಟಿಕೊಂಡಿರುವುದನ್ನು ಬಿಡಿಸಿ ನೋಡಿದಂತಿಲ್ಲ. ಮುದ್ದುರಾಜನು ಹಾಲೇರಿಯಿಂದ ರಾಜಧಾನಿಯನ್ನು ಈ ಬೆಟ್ಟದ ಏಣಿಗೆ ತಂದನೆಂಬುದು ಒಂದು ಹೇಳಿಕೆ, ಅದು ಇತಿಹಾಸ. ಊರಿನ ಹೆಸರು ಅವನ ಹೆಸರಿನಿಂದ ಹುಟ್ಟಿತೆಂಬುದು ಇನ್ನೊಂದು ಹೇಳಿಕೆ, ಅದು ಭಾಷೆಯ ಬಗ್ಗೆ ಮಾಡಿದ ಪ್ರತಿಪಾದನೆ. ಮೊದಲನೆಯದು ನಿಜವೆಂಬ ಕಾರಣಕ್ಕೆ ಎರಡನೆಯದೂ ನಿಜವಾಗುವುದಿಲ್ಲ. ಈ ಎರಡನೆಯ ಹೇಳಿಕೆ ಕನ್ನಡದ ಧ್ವನಿನಿಯಮಗಳಿಗೂ ಕೊಡವ ಭಾಷೆಯ ಸ್ವಭಾವಕ್ಕೂ ಕೊಡಗಿನ ಊರುಗಳು ಹೆಸರು ಪಡೆದ ರೀತಿಗೂ ಒಟ್ಟಿಗೇ ವಿರುದ್ಧವಾಗಿದ್ದು, ಅದನ್ನು ಪಠ್ಯಗಳಿಂದ ತೆಗೆದುಹಾಕಬೇಕೆಂಬುದು ಈ ಲೇಖನದ ವಾದ.

ಸ್ಥಳನಾಮಗಳನ್ನು ಅಭ್ಯಾಸ ಮಾಡುವವರು ಊರಿನ ಹೆಸರನ್ನು ಎರಡು ಭಾಗ ಮಾಡಿಕೊಳ್ಳುತ್ತಾರೆ. ಹಳ್ಳಿ, ಊರು, ಪೇಟೆ, ಕೇರಿ, ಪುರ ಮುಂತಾಗಿ ಅನೇಕ ಹೆಸರುಗಳ ಕೊನೆಯಲ್ಲಿ ಮರುಕಳಿಸುವ ಭಾಗವನ್ನು ವಾರ್ಗಿಕ ಎನ್ನುತ್ತಾರೆ, ಏಕೆಂದರೆ ಅದು ಆ ನೆಲೆ ಯಾವ ವರ್ಗಕ್ಕೆ ಸೇರಿದ್ದೆಂದು ಹೇಳುತ್ತದೆ. ಆ ವರ್ಗದ ಇತರ ಊರುಗಳಿಂದ ಇದನ್ನು ಬೇರೆ ಮಾಡುವ ಮುಂದಿನ ಭಾಗಕ್ಕೆ ನಿರ್ದಿಷ್ಟ ಎಂದು ಹೆಸರು. ಮಡಿಕೇರಿಯಲ್ಲಿ ‘ಕೇರಿ’ ವಾರ್ಗಿಕ, ‘ಮಡಿ’ ನಿರ್ದಿಷ್ಟ. ಮುದ್ದುರಾಜನ ಪಕ್ಷದವರು ನಿರ್ದಿಷ್ಟವನ್ನು ಮಾತ್ರ ಹಿಡಿದುಕೊಂಡು ಕಥೆ ಕಟ್ಟಿದ್ದಾರೆ, ವಾರ್ಗಿಕದ ಕಡೆ ತಿರುಗಿ ನೋಡಿಲ್ಲ. ಯಾವ ಹೆಸರನ್ನಾದರೂ ಒಂಟಿಯಾಗಿ ನಿಲ್ಲಿಸಿಕೊಂಡು ಕೇಳಿದರೆ ಅದು ಕೇಳುವವನ ಇಷ್ಟದಂತೆ ಉತ್ತರ ಕೊಡುತ್ತದೆ. ನೆಂಟರಿಷ್ಟರ ನಡುವೆ ನಿಲ್ಲಿಸಿದಾಗ ಮಾತ್ರ ಅದರ ಕುಲ ತಿಳಿಯುತ್ತದೆ. ಆದ್ದರಿಂದ ಮೊದಲು ಕೇರಿಯ ನೆಂಟರನ್ನು ಕರೆಯಬೇಕು.

ಬಯಲುಸೀಮೆಯ ಕನ್ನಡದಲ್ಲಿ ಕೇರಿ ಎಂದರೆ ಊರೊಳಗಿನ ಒಂದು ಬೀದಿ ಅಥವಾ ಒಂದು ಸಮುದಾಯ ವಾಸಿಸುವ ಭಾಗ. ಕೊಡಗಿನಲ್ಲಿ ಅದರ ವ್ಯಾಪ್ತಿ ದೊಡ್ಡದು. ಅಲ್ಲಿ ಊರು, ಕೇರಿ, ನಾಡು ಎಂಬ ಪದಗಳು ಐನ್‌ಮನೆಗಳನ್ನೂ (ಅಂದರೆ ಒಂದು ಒಕ್ಕದ, ಎಂದರೆ ಕುಲದ, ಮೂಲಮನೆಗಳನ್ನೂ) ಅವುಗಳ ಗದ್ದೆ, ಬಾಣೆ, ದೇವರಕಾಡುಗಳನ್ನೂ ಒಳಗೊಂಡ ವ್ಯವಸ್ಥೆಯೊಂದರ ಹೆಸರುಗಳು. ಹುದಿಕೇರಿ, ಕೊಳಕೇರಿ, ಬಾಡಗರಕೇರಿ, ಮುಗುಟಗೇರಿ, ಪರಕಟಗೇರಿ, ಕಾವೇರಿಯ ದಂಡೆಯ ನೆಲ್ಯಹುದಿಕೇರಿ: ಇವೆಲ್ಲವೂ ಕೊಡಗಿನ ಊರುಗಳು, ಇವುಗಳಲ್ಲಿ ಯಾವುದನ್ನೂ ಯಾವ ಅರಸನೂ ಹೆಸರಿಟ್ಟು ಸ್ಥಾಪಿಸಿದನೆಂದು ಯಾರೂ ಹೇಳಿಲ್ಲ. 1924ರಲ್ಲಿ ಕೊಡವರ ಹಾಡುಗಳನ್ನೂ ಪದ್ಧತಿಗಳನ್ನೂ ‘ಪಟ್ಟೋಲೆ ಪಳಮೆ’ಯಾಗಿ ಪ್ರಕಟಿಸಿದ ಚಿಣ್ಣಪ್ಪನವರ ಒಕ್ಕದ ಹೆಸರು ನಡಿಕೇರಿಯಂಡ, ಅದರ ರಚನೆಯನ್ನು ನೋಡಿದರೆ ಒಕ್ಕಸೂಚಕವಾದ ಕೊನೆಯ ಪ್ರತ್ಯಯದ ಮುಂದೆ ‘ನಡಿಕೇರಿ’ ಎಂಬ ಪದ ಸ್ಪಷ್ಟವಾಗಿ ನಿಂತಿದೆ. ನಡಿಕೇರಿ, ಹುದಿಕೇರಿ, ಮಡಿಕೇರಿ: ಎರಡು ಹ್ರಸ್ವಾಕ್ಷರಗಳ ನಿರ್ದಿಷ್ಟ, ಇಕಾರದಲ್ಲಿ ಮುಗಿತ, ಮುಂದೆ ಕೇರಿ. ಒಂದೇ ಅಚ್ಚಿನಿಂದ ಬಂದ ಈ ಮೂರರಲ್ಲಿ ಎರಡನ್ನು ನೆಲದ ಮಾತೆಂದು ಒಪ್ಪಿಕೊಂಡು ಮೂರನೆಯದಕ್ಕೆ ಮಾತ್ರ ಸಿಂಹಾಸನವನ್ನು ಹುಡುಕಿಕೊಂಡು ಹೋಗುವುದಕ್ಕೆ ಏನು ಕಾರಣವಿದೆ? ಮಡಿಕೇರಿ ಮುಂದೆ ರಾಜಧಾನಿಯಾಯಿತೆಂಬುದನ್ನು ಬಿಟ್ಟರೆ ಬೇರೆ ಕಾರಣವಿಲ್ಲ; ರಾಜಧಾನಿಯಾದದ್ದು ಹೆಸರಿನ ನಂತರದ ಘಟನೆಯೋ ಮೊದಲಿನದೋ ಎಂಬುದೇ ಇಲ್ಲಿ ತೀರ್ಮಾನವಾಗಬೇಕಾದ ಪ್ರಶ್ನೆಯಾದ್ದರಿಂದ ಅದನ್ನೇ ಆಧಾರವಾಗಿ ಕೊಡಲಾಗದು.

ನೆಲ್ಯಹುದಿಕೇರಿಯ ಹೆಸರನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ, ಒಂದು ವ್ಯುತ್ಪತ್ತಿ, ಅಂದರೆ ಪದವೊಂದರ ಹುಟ್ಟಿನ ವಿವರಣೆ, ಯಾವಾಗ ನಂಬಲರ್ಹವಾಗುತ್ತದೆ ಎಂಬುದು ತಿಳಿಯುತ್ತದೆ. ಕೊಡವ ಭಾಷೆ ಹಳೆಯ ದ್ರಾವಿಡ ಪಕಾರವನ್ನು ಉಳಿಸಿಕೊಂಡಿದೆ. ಕನ್ನಡದಲ್ಲಿ ಅದೇ ಪಕಾರ ಹತ್ತನೆಯ ಶತಮಾನದ ಈಚೆಗೆ ಹಕಾರವಾಗುತ್ತ ಬಂದು ಪಾಲು ಹಾಲಾಯಿತು, ಪುಲಿ ಹುಲಿಯಾಯಿತು. ಕೊಡವರ ಹೊಸ ಅಕ್ಕಿಯ ಹಬ್ಬ ಅವರ ಬಾಯಲ್ಲಿ ಪುತ್ತರಿ, ಕನ್ನಡ ಬರಹದಲ್ಲಿ ಹುತ್ತರಿ. ಅರಸರ ಮೂಲಸ್ಥಾನ ಕೊಡವರಿಗೆ ಪಾಲೇರಿ, ಕನ್ನಡ ದಾಖಲೆಗಳಿಗೆ ಹಾಲೇರಿ. ಹಾಗಾದರೆ ಕನ್ನಡ ಲೇಖನಿಯ ‘ಹುದಿಕೇರಿ’ಯ ಹಿಂದೆ ‘ಪುದಿಕೇರಿ’ ಇರಬೇಕೆಂದು ಊಹಿಸುವುದು ನಿಯಮಬದ್ಧ. ಪುದಿ ಎಂಬುದು ಹೊಸತು ಎಂಬರ್ಥದ ದ್ರಾವಿಡ ಧಾತುವಿನದು, ಆದ್ದರಿಂದ ಹುದಿಕೇರಿ ಎಂದರೆ ಹೊಸಕೇರಿ. ಈ ಊಹೆಗೆ ಕೊಡಗಿನ ಹೊರಗಿನಿಂದಲೂ ಸಾಕ್ಷಿ ಸಿಗುತ್ತದೆ. ಕನ್ನಡದ ಪದಾದಿಯ ಕಕಾರ ಇಕಾರ ಎಕಾರಗಳ ಹಿಂದೆ ತಮಿಳಿನಲ್ಲಿ ಚಕಾರವಾಗುತ್ತದೆ: ಕನ್ನಡದ ಕಿವಿ ತಮಿಳಿನ ಚೆವಿ, ಕನ್ನಡದ ಕೇರಿ ತಮಿಳಿನ ಚೇರಿ. ಕೋರಮಂಡಲ ತೀರದ ಪುದುಚ್ಚೇರಿ ಎಂಬ ಹೆಸರಿಗೆ ಹೊಸ ಚೇರಿ ಎಂದೇ ಅರ್ಥ. ಅಂದರೆ ಫ್ರೆಂಚರ ಪಾಂಡಿಚೇರಿಯೂ ಕೊಡಗಿನ ಹುದಿಕೇರಿಯೂ ಒಂದೇ ಧಾತು, ಒಂದೇ ವಾರ್ಗಿಕದಿಂದ ಕಟ್ಟಿದ, ಒಬ್ಬರಿಗೊಬ್ಬರು ಪರಿಚಯವಿಲ್ಲದ ಜನ ಕಟ್ಟಿಕೊಂಡ ಅವಳಿ ಹೆಸರುಗಳು. ದಕ್ಷಿಣ ಕೊಡಗಿನಲ್ಲಿ ಒಂದು ಹುದಿಕೇರಿ ಇದೆ, ಕಾವೇರಿಯ ದಂಡೆಯಲ್ಲಿ ಇನ್ನೊಂದಿದೆ. ಒಂದೇ ನಾಡಿನ ಎರಡು ಹೊಸಕೇರಿಗಳು ಗೊಂದಲವಾಗದಿರಲೆಂದು ಎರಡನೆಯದರ ಮುಂದೆ ಇನ್ನೊಂದು ಗುರುತು ಸೇರಿಕೊಂಡಿರಬೇಕು. ಆ ಗುರುತು ನೆಲ್ಲಿಮರದ್ದೋ ನೆಲ್ಲಿನದೋ, ಅಂದರೆ ಭತ್ತದ್ದೋ, ಎಂಬ ಮಾತು ತೆರೆದೇ ಇರಲಿ. ಮಲಯಾಳ, ತಮಿಳು, ಕೊಡವ, ಕನ್ನಡಗಳನ್ನಾಡುವ ಕೂಲಿಕಾರರೂ ಬೆಳೆಗಾರರೂ ಒಟ್ಟಿಗೆ ಬದುಕುವ ಆ ಊರಿನ ಹೆಸರನ್ನು ನೆಲ್ಲಿಹುದಿಕೇರಿ, ನೆಲ್ಯಹುದಿಕೇರಿ ಎಂದು ಬೇರೆಬೇರೆಯಾಗಿ ಬರೆಯುತ್ತ ಬಂದಿರುವುದರಿಂದ ಈಗಲೇ ತೀರ್ಪು ಕೊಡುವ ಅವಸರ ಬೇಡ. ಇಲ್ಲಿ ಗಮನಿಸಬೇಕಾದದ್ದು ವಿಧಾನವನ್ನು. ಹುದಿಕೇರಿಯ ವಿವರಣೆಯಲ್ಲಿ ಒಂದೊಂದು ಅಕ್ಷರದ ಬದಲಾವಣೆಗೂ ಬೇರೆ ನೂರು ಪದಗಳಲ್ಲಿ ಕಂಡುಬರುವ ನಿಯಮವೊಂದು ಬೆಂಬಲವಾಗಿದೆ, ಅರ್ಥಕ್ಕೆ ದೂರದ ಸಮಾನ ರೂಪವೊಂದು ಜಾಮೀನಾಗಿದೆ.

ಇದೇ ಒರೆಗಲ್ಲಿಗೆ ಮುದ್ದುರಾಜಕೇರಿಯನ್ನು ಉಜ್ಜಿದಾಗ ಏನಾಗುತ್ತದೆ? ‘ಮುದ್ದುರಾಜ’ ಎಂಬುದು ‘ಮಡಿ’ ಆಗಬೇಕಾದರೆ ನಾಲ್ಕು ಬದಲಾವಣೆಗಳು ನಡೆಯಬೇಕು: ಮೊದಲ ಅಕ್ಷರದ ಉಕಾರ ಅಕಾರವಾಗಬೇಕು, ದಂತ್ಯವಾದ ಒತ್ತಕ್ಷರ ‘ದ್ದ’ ಮೂರ್ಧನ್ಯವಾದ ಒಂಟಿ ‘ಡ’ ಆಗಬೇಕು, ಅದರ ಮುಂದಿನ ಉಕಾರ ಇಕಾರವಾಗಬೇಕು, ಕೊನೆಗೆ ‘ರಾಜ’ ಎಂಬ ಇಡೀ ಪದ ಗುರುತಿಲ್ಲದೆ ಅಳಿಯಬೇಕು. ದಂತ್ಯವೆಂದರೆ ನಾಲಗೆಯ ತುದಿ ಹಲ್ಲಿಗೆ ತಾಗಿ ಹುಟ್ಟುವ ಧ್ವನಿ, ಮೂರ್ಧನ್ಯವೆಂದರೆ ತುದಿ ಹಿಂದಕ್ಕೆ ಮಡಚಿ ಅಂಗುಳಕ್ಕೆ ತಾಗಿ ಹುಟ್ಟುವ ಧ್ವನಿ. ಕನ್ನಡದಲ್ಲೂ ಕೊಡವದಲ್ಲೂ ಈ ಎರಡರ ವ್ಯತ್ಯಾಸ ಅರ್ಥವನ್ನೇ ಬದಲಿಸುತ್ತದೆ. ‘ಮದ್ದು’ ಎನ್ನುವಲ್ಲಿ ‘ಮಡ್ಡು’ ಎಂದು ಯಾವ ಕನ್ನಡಿಗನೂ ಜಾರುವುದಿಲ್ಲ. ದ್ರಾವಿಡ ಭಾಷೆಗಳಲ್ಲಿ ಪದದ ಮೊದಲ ಅಕ್ಷರವೇ ಅತ್ಯಂತ ಗಟ್ಟಿಯಾದ ಜಾಗ. ಅಲ್ಲಿನ ಸ್ವರ ಬದಲಾಗುವುದಾದರೂ ಗೊತ್ತಾದ ದಾರಿಯಲ್ಲೇ ಬದಲಾಗುತ್ತದೆ. ಉಕಾರಕ್ಕೆ ಗೊತ್ತಾದ ದಾರಿ ಒಕಾರ: ತಮಿಳಿನ ಕುಡೈ ಕನ್ನಡದಲ್ಲಿ ಕೊಡೆ, ಪುಗೈ ಕನ್ನಡದಲ್ಲಿ ಹೊಗೆ. ಉಕಾರ ಅಕಾರವಾಗುವ ದಾರಿಯೊಂದನ್ನು ಈ ವಾದದವರು ಎಲ್ಲಿಂದಲೂ ತೋರಿಸಿಕೊಟ್ಟಿಲ್ಲ.

ಕನ್ನಡದಲ್ಲಿ ಇಲ್ಲದ ದಾರಿ ಕೊಡವ ಭಾಷೆಯಲ್ಲಿ ಇರಬಹುದಲ್ಲ ಎಂದು ಕೇಳುವವರಿಗೆ ಉತ್ತರ ಇನ್ನೂ ಪ್ರತಿಕೂಲವಾದದ್ದು. 1930ರ ದಶಕದಲ್ಲಿ ನೀಲಗಿರಿ ಮತ್ತು ಕೊಡಗುಗಳಲ್ಲಿ ಕ್ಷೇತ್ರಕಾರ್ಯ ಮಾಡಿ, ಮುಂದೆ ಥಾಮಸ್ ಬರ್ರೋ ಅವರೊಂದಿಗೆ ದ್ರಾವಿಡ ವ್ಯುತ್ಪತ್ತಿ ಕೋಶವನ್ನು ಸಿದ್ಧಪಡಿಸಿದ ಮರ್ರೆ ಎಮೆನೋ ಕೊಡವ ಸ್ವರಗಳ ಚರಿತ್ರೆಯನ್ನು ಬಿಡಿಸಿ ತೋರಿಸಿದ್ದಾರೆ. ಆ ಭಾಷೆಯ ವಿಶೇಷವೆಂದರೆ ಪ, ಮ, ವ ಮುಂತಾದ ಓಷ್ಠ್ಯಗಳ, ಎಂದರೆ ತುಟಿ ಸೇರಿಸಿ ಹುಟ್ಟಿಸುವ ಧ್ವನಿಗಳ, ಮುಂದೆ ಬಂದ ಇಕಾರ ಎಕಾರಗಳು ಮೂರ್ಧನ್ಯದ ಹಿಂದೆ ಉಕಾರ ಒಕಾರಗಳಾಗಿ ದುಂಡಗಾಗುತ್ತವೆ. ಕನ್ನಡದ ‘ಹೆಣ್ಣು’, ಹಳಗನ್ನಡದ ‘ಪೆಣ್’ ಕೊಡವದಲ್ಲಿ ‘ಪೊಣ್ಣ್’ ಆದದ್ದು ಹೀಗೆ. ತುಟಿಯ ಧ್ವನಿಯ ಮುಂದೆ ಸ್ವರವನ್ನು ದುಂಡಗೆ ಮಾಡುವುದು ಆ ಭಾಷೆಯ ಒಲವಾಗಿರುವಾಗ, ಮಕಾರದ ಮುಂದೆ ಮೊದಲೇ ದುಂಡಗಿದ್ದ ಉಕಾರವನ್ನು ಅದು ಚಪ್ಪಟೆ ಮಾಡಿ ಅಕಾರವಾಗಿಸಿತೆಂಬುದು ಹೊಳೆ ಬೆಟ್ಟ ಹತ್ತಿತೆಂದ ಹಾಗೆ. ಮುದ್ದುರಾಜನ ಹೆಸರು ಕೊಡವರ ಬಾಯಿಗೆ ಬಿದ್ದಿದ್ದರೆ ಉಳಿಯುವ ಭಾಗವೇ ಆ ಉಕಾರ.

ಸಾಮಾನ್ಯ ನಿಯಮಗಳು ಸ್ಥಳನಾಮಗಳಿಗೆ ಅನ್ವಯಿಸುವುದಿಲ್ಲ, ಊರ ಹೆಸರುಗಳು ಅಡ್ಡಾದಿಡ್ಡಿ ಸವೆಯುತ್ತವೆ ಎಂಬುದು ಈ ಪಕ್ಷದ ಕೊನೆಯ ಆಸರೆ. ಸವೆಯುವುದು ನಿಜ. ಎಲ್ಲಿ ಸವೆಯುತ್ತವೆ ಎಂಬುದಕ್ಕೆ ಕೊಡಗಿನಲ್ಲೇ ಒಂದು ಉದಾಹರಣೆ ಇದೆ, ಅದೂ ಇದೇ ವಂಶದ ಅರಸನದು. ದೊಡ್ಡವೀರರಾಜೇಂದ್ರನು 1792ರಲ್ಲಿ ತನ್ನ ಹೆಸರಿನಿಂದ ಒಂದು ಪೇಟೆಯನ್ನು ಕಟ್ಟಿಸಿದ. ವೀರರಾಜೇಂದ್ರಪೇಟೆ ಎಂಬ ಆ ಉದ್ದದ ಹೆಸರು ವೀರರಾಜಪೇಟೆಯಾಯಿತು, ಬಾಯಿಮಾತಿನಲ್ಲಿ ವಿರಾಜಪೇಟೆಯಾಯಿತು. ನಡುವಿನ ‘ಇಂದ್ರ’ ಹೋಯಿತು, ದೀರ್ಘ ಹ್ರಸ್ವವಾಯಿತು, ಎರಡು ರಕಾರಗಳು ಒಂದರಲ್ಲೊಂದು ಸೇರಿದವು. ಆದರೆ ಮೊದಲ ಅಕ್ಷರದ ವಕಾರ ಇಕಾರಗಳು ಅಲುಗಲಿಲ್ಲ, ‘ರಾಜ’ ಎಂಬ ಪದವೂ ಕೇಳುವವನ ಕಿವಿಗೆ ಇಂದಿಗೂ ಸಿಗುತ್ತದೆ. ಅರಸನ ಹೆಸರಿನ ಊರು ಕೊಡಗಿನ ಬಾಯಲ್ಲಿ ಸವೆಯುವ ರೀತಿ ಇದು. ಅದೇ ರೀತಿಯಲ್ಲಿ ಸವೆದಿದ್ದರೆ ಮುದ್ದುರಾಜಕೇರಿ ಇಂದು ಮುದ್ರಾಜಕೇರಿಯೋ ಮುದ್ದಕೇರಿಯೋ ಆಗಿರಬೇಕಿತ್ತು. ಕರ್ನಾಟಕದ ಬೇರೆಡೆ ಮುದ್ದೇನಹಳ್ಳಿ, ಮುದ್ದೇಬಿಹಾಳ ಎಂಬ ಊರುಗಳಿವೆ. ಅವುಗಳ ಮೊದಲ ಭಾಗದ ಮೂಲ ಏನೇ ಇರಲಿ, ‘ಮುದ್ದ’ ಎಂಬ ಧ್ವನಿಗುಚ್ಛವನ್ನು ಕನ್ನಡದ ನಾಲಗೆ ಸಲೀಸಾಗಿ ಉಳಿಸಿಕೊಳ್ಳುತ್ತದೆ ಎಂಬುದಕ್ಕೆ ಅವು ಸಾಕ್ಷಿ.

ವೀರರಾಜಪೇಟೆ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ. ಹಾಲೇರಿಯ ಅರಸರು ತಮ್ಮ ಹೆಸರಿನ ಊರು ಕಟ್ಟಿದಾಗ ಅದನ್ನು ಪೇಟೆ ಎಂದರು. ಮಡಿಕೇರಿಯೊಳಗಿನ ಮಹದೇವಪೇಟೆಯೂ ರಾಣಿ ಮಹದೇವಮ್ಮಾಜಿಯ ಹೆಸರಿನದೆಂದೇ ಸ್ಥಳೀಯ ಪರಂಪರೆ. ಕೆಳದಿಯ ನಾಯಕರ ಸಂಬಂಧದಿಂದ ಬಂದ, ಕನ್ನಡವನ್ನು ಆಡಳಿತದ ಭಾಷೆಯಾಗಿ ಬಳಸಿದ ಈ ಲಿಂಗಾಯತ ಮನೆತನಕ್ಕೆ ಪುರ, ಪಟ್ಟಣ, ಕೋಟೆ, ಪೇಟೆ ಎಂಬ ಗೌರವದ ವಾರ್ಗಿಕಗಳೆಲ್ಲ ಕೈಯೆಟುಕಿನಲ್ಲಿದ್ದವು. ತನ್ನ ಹೊಸ ರಾಜಧಾನಿಗೆ ತನ್ನದೇ ಹೆಸರಿಡಲು ಹೊರಟ ಅರಸ ಅವನ್ನೆಲ್ಲ ಬಿಟ್ಟು, ಕನ್ನಡದಲ್ಲಿ ಊರಿನ ಒಂದು ಓಣಿ ಎಂಬಷ್ಟೇ ಅರ್ಥದ ಕೇರಿಯನ್ನು ಆರಿಸಿಕೊಂಡನೆಂದರೆ ನಂಬುವುದು ಕಷ್ಟ. ಅದಕ್ಕೆ ಪ್ರತಿಯಾಗಿ, ಮೊದಲೇ ಹೆಸರಿದ್ದ ಜಾಗದಲ್ಲಿ ಅರಮನೆ ಕಟ್ಟಿದಾಗ ಅರಸರು ಏನು ಮಾಡಿದರೆಂಬುದೂ ಗೊತ್ತಿದೆ. ವೀರರಾಜಪೇಟೆ ಹುಟ್ಟಿದ 1792ರಲ್ಲೇ ಅದೇ ದೊಡ್ಡವೀರರಾಜೇಂದ್ರ ಕಕ್ಕಬ್ಬೆಯ ಬಳಿ ತಡಿಯಂಡಮೋಳ್ ಬೆಟ್ಟದ ತಪ್ಪಲಲ್ಲಿ ಅರಮನೆಯೊಂದನ್ನು ಕಟ್ಟಿಸಿದ; ಅದಕ್ಕೆ ಇಂದಿಗೂ ನಾಲ್ಕುನಾಡು ಅರಮನೆ ಎಂದೇ ಹೆಸರು, ಅರಸನ ಹೆಸರು ಅದಕ್ಕೆ ಹತ್ತಲಿಲ್ಲ, ನಾಡಿನ ಹೆಸರೇ ನಿಂತಿತು. ಹೊಸ ಸಂತೆ ನೆಲೆಗೆ ಅರಸನ ಹೆಸರು, ಹಳೆಯ ನೆಲಕ್ಕೆ ನೆಲದ ಹೆಸರು ಎಂಬ ಎರಡು ಪದ್ಧತಿಗಳು ಒಂದೇ ವರ್ಷದಲ್ಲಿ, ಒಬ್ಬನೇ ಅರಸನ ಕೈಯಲ್ಲಿ ಇಷ್ಟು ಸ್ಪಷ್ಟವಾಗಿ ಕಾಣುವಾಗ, ಕೇರಿ ಎಂದು ಕೊನೆಗೊಳ್ಳುವ ಮಡಿಕೇರಿ ಯಾವ ಪದ್ಧತಿಗೆ ಸೇರಿದ್ದೆಂದು ಕೇಳಬೇಕಾದ ಅಗತ್ಯವೇ ಇಲ್ಲ. ಅರಸರು ಹೇರಿದ ಹೆಸರು ಈ ನೆಲದಲ್ಲಿ ನಿಲ್ಲುವುದೂ ಅಪರೂಪವೇ: ಟಿಪ್ಪು ಸುಲ್ತಾನ್ ಮುದ್ದುರಾಜನ ಮಣ್ಣಿನ ಕೋಟೆಯನ್ನು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಹೆಸರಿಟ್ಟ, ಕೋಟೆ ಉಳಿದಿದೆ, ಹೆಸರು ಉಳಿದಿಲ್ಲ.

ಹಾಗಾದರೆ ಈ ಕಥೆ ಹುಟ್ಟಿದ್ದೆಲ್ಲಿ? ಒಂದು ಬೇರು ಇಂಗ್ಲಿಷ್ ರೂಪದಲ್ಲಿದೆ ಎಂಬುದು ಬಲವಾದ ಸಂಭವ. 1834ರ ಏಪ್ರಿಲ್‌ನಲ್ಲಿ ಬ್ರಿಟಿಷರ ಪಡೆ ಊರನ್ನು ಹೊಕ್ಕು ಚಿಕ್ಕವೀರರಾಜೇಂದ್ರನ ಆಳ್ವಿಕೆಯನ್ನು ಕೊನೆಗಾಣಿಸಿದ ಮೇಲೆ ಕಡತಗಳಲ್ಲಿ ನಿಂತ ಹೆಸರು ಮರ್ಕಾರ. ಆ ರೂಪದಲ್ಲಿ ಒಂದು ರಕಾರ ಮಕಾರದ ಪಕ್ಕದಲ್ಲೇ ಕಾಣುತ್ತದೆ. ಮಡಿಕೇರಿ ಎಂಬ ಹೆಸರಿನ ಆ ಜಾಗದಲ್ಲಿ ರಕಾರವಿಲ್ಲ. ಇದು ಎಲ್ಲಿಂದ ಬಂತೆಂದು ಕೇಳಿಕೊಂಡವರಿಗೆ ‘ರಾಜ’ ಎಂಬ ಉತ್ತರ ಆಕರ್ಷಕವಾಗಿ ಕಂಡಿರಬೇಕು. ಆದರೆ ಆ ರಕಾರ ರಾಜನದಲ್ಲ, ಅದು ಡಕಾರವೇ. ಎರಡು ಸ್ವರಗಳ ನಡುವೆ ಬಂದ ಡಕಾರವನ್ನು ಉಚ್ಚರಿಸುವಾಗ ನಾಲಗೆಯ ತುದಿ ಅಂಗುಳಕ್ಕೆ ಒತ್ತಿ ನಿಲ್ಲುವುದಿಲ್ಲ, ತಟ್ಟಿ ಕೆಳಗಿಳಿಯುತ್ತದೆ. ಮೂರ್ಧನ್ಯಗಳ ಅಭ್ಯಾಸವಿಲ್ಲದ ಯುರೋಪಿನ ಕಿವಿಗೆ ಅದು ರಕಾರವಾಗಿ ಕೇಳಿಸುತ್ತದೆ. ಕನ್ನಡವೆಂಬ ಹೆಸರು ಪೋರ್ಚುಗೀಸರ ಕೈಯಲ್ಲಿ ಕನಾರಾ ಆದದ್ದು, ಕೊಡಗು ಇಂಗ್ಲಿಷರ ಕೈಯಲ್ಲಿ ಕೂರ್ಗ್ ಆದದ್ದು, ಮಡಿಕೇರಿ ಮರ್ಕಾರವಾದದ್ದು ಮೂರೂ ಒಂದೇ ತಪ್ಪು ಕೇಳ್ಮೆಯ ಫಲ. ಕೂರ್ಗ್‌ನ ರಕಾರಕ್ಕಾಗಿ ಯಾರೂ ರಾಜನೊಬ್ಬನನ್ನು ಹುಡುಕಿಕೊಂಡು ಹೋಗದಿರುವಾಗ ಮರ್ಕಾರದ ರಕಾರಕ್ಕೆ ಮಾತ್ರ ಹುಡುಕಬೇಕೇಕೆ? ಪರಕೀಯರ ಕಿವಿ ಎಡವಿದ ರೂಪವನ್ನು ಸಾಕ್ಷಿಯಾಗಿ ಹಿಡಿದು ನೆಲದವರ ಬಾಯಲ್ಲಿ ನೆಟ್ಟಗಿರುವ ರೂಪವನ್ನು ಅಪಭ್ರಂಶವೆಂದು ಕರೆಯುವುದು ಅನ್ಯಾಯ, ಆ ಅನ್ಯಾಯ ಕನ್ನಡದ ಪುಸ್ತಕಗಳಲ್ಲೇ ನಡೆಯುತ್ತಿರುವುದು ನೋವಿನ ಸಂಗತಿ.

ಇನ್ನೊಂದು ಬೇರು ಇನ್ನೂ ಆಳದ್ದು, ಕೊಡಗಿಗೆ ಮಾತ್ರ ಸೇರಿದ್ದಲ್ಲ. ಊರಿದ್ದರೆ ಕಟ್ಟಿದವನೊಬ್ಬನಿರಬೇಕು, ಕಟ್ಟಿದವನ ಹೆಸರೇ ಊರಿನ ಹೆಸರಾಗಿರಬೇಕು ಎಂಬ ನಂಬಿಕೆ ಲೋಕದ ಎಲ್ಲೆಡೆ ಕಾಣುತ್ತದೆ. ಹೀಗೆ ಊರಿನ ಹೆಸರಿನಿಂದಲೇ ಕಲ್ಪಿಸಿಕೊಂಡ ವ್ಯಕ್ತಿಯನ್ನು ನಾಮಮೂಲಪುರುಷ ಎನ್ನಬಹುದು. ರೋಮ್ ನಗರಕ್ಕೆ ರೋಮ್ಯುಲಸ್, ಪೋಲೆಂಡಿನ ಕ್ರಾಕೋವ್‌ಗೆ ಕ್ರಾಕ್, ನೀಪರ್ ನದಿಯ ಕೀವ್‌ಗೆ ಕೀ ಎಂಬ ಹಿರಿಯಣ್ಣ. ಹನ್ನೆರಡನೆಯ ಶತಮಾನದ ಆದಿಯಲ್ಲಿ ರೂಪುಗೊಂಡ ಪೂರ್ವ ಸ್ಲಾವರ ಪ್ರಾಚೀನ ವೃತ್ತಾಂತವು ಕೀವ್ ನಗರವನ್ನು ಕೀ, ಶ್ಚೆಕ್, ಖೋರಿವ್ ಎಂಬ ಸೋದರರು ತಂಗಿ ಲಿಬಿದ್ ಜೊತೆ ಸೇರಿ ಕಟ್ಟಿದರೆನ್ನುತ್ತದೆ. ಸೋದರರ ಹೆಸರಿನ ಗುಡ್ಡಗಳೂ ತಂಗಿಯ ಹೆಸರಿನ ತೊರೆಯೂ ಅಲ್ಲಿವೆ, ಅಂದರೆ ಗುಡ್ಡ ತೊರೆಗಳ ಹೆಸರಿಗೇ ಒಂದು ಕುಟುಂಬ ಹುಟ್ಟಿಕೊಂಡಿದೆ. ಕೀ ಒಬ್ಬ ಅಂಬಿಗನಾಗಿದ್ದನೆಂದು ಆಗ ಕೆಲವರು ಹೇಳುತ್ತಿದ್ದರು. ವೃತ್ತಾಂತಕಾರ ಅದನ್ನು ಖಂಡಿಸುತ್ತಾನೆ, ಅಂಬಿಗನಾಗಿದ್ದರೆ ಕಾನ್‌ಸ್ಟಾಂಟಿನೋಪಲ್‌ಗೆ ಹೋಗಿ ಚಕ್ರವರ್ತಿಯಿಂದ ಗೌರವ ಪಡೆಯುತ್ತಿರಲಿಲ್ಲ ಎನ್ನುತ್ತಾನೆ. ಒಂಬೈನೂರು ವರ್ಷಗಳ ಹಿಂದಿನ ಆ ವಿವಾದದಲ್ಲಿ ಎರಡೂ ಪಕ್ಷಗಳು ಕೀ ಎಂಬ ಮನುಷ್ಯ ಇದ್ದನೆಂದು ಒಪ್ಪಿಕೊಂಡೇ ಜಗಳವಾಡಿದವು. ಜಗಳವಿದ್ದದ್ದು ಅವನ ಅಂತಸ್ತಿನ ಬಗ್ಗೆ. ಮಡಿಕೇರಿಯಲ್ಲಿ ಪರಿಸ್ಥಿತಿ ಇದಕ್ಕಿಂತ ಜಾರುವಂಥದ್ದು, ಏಕೆಂದರೆ ಇಲ್ಲಿ ಮುದ್ದುರಾಜ ನಿಜವಾಗಿ ಇದ್ದ, 1633ರಿಂದ 1687ರವರೆಗೆ ಆಳಿದ, ಕೋಟೆ ಕಟ್ಟಿದ. ನಿಜವಾದ ಮನುಷ್ಯನ ಮರೆಯಲ್ಲಿ ಸುಳ್ಳು ವ್ಯುತ್ಪತ್ತಿ ಸುಲಭವಾಗಿ ಅಡಗಿಕೊಳ್ಳುತ್ತದೆ.

ಕರ್ನಾಟಕಕ್ಕೆ ಈ ಪಾಠ ಹೊಸದೂ ಅಲ್ಲ. ಹೊಯ್ಸಳ ಇಮ್ಮಡಿ ವೀರಬಲ್ಲಾಳ ಬೇಟೆಯಲ್ಲಿ ದಾರಿತಪ್ಪಿ ಮುದುಕಿಯೊಬ್ಬಳು ಕೊಟ್ಟ ಬೆಂದ ಕಾಳು ತಿಂದದ್ದರಿಂದ ಬೆಂದಕಾಳೂರು ಬೆಂಗಳೂರಾಯಿತೆಂದು ತಲೆಮಾರುಗಳು ನಂಬಿದ್ದವು. ಬೇಗೂರಿನ ಗಂಗರ ಕಾಲದ ವೀರಗಲ್ಲಿನಲ್ಲಿ, ಸುಮಾರು 890ರ ಹೊತ್ತಿನ ಬರಹದಲ್ಲಿ, ಬೆಂಗಳೂರಿನ ಕಾಳಗವೆಂಬ ಮಾತು ಓದಲು ಸಿಕ್ಕಿದಾಗ ಆ ಕಥೆ ಕಾಲದ ದೃಷ್ಟಿಯಿಂದಲೇ ಕುಸಿಯಿತು. ಬಲ್ಲಾಳ ಹುಟ್ಟುವುದಕ್ಕೆ ಎರಡು ಶತಮಾನಕ್ಕೂ ಮೊದಲೇ ಊರಿಗೆ ಆ ಹೆಸರಿತ್ತು. ಕೊಡಗಿನೊಳಗೇ ಕುಶಾಲನಗರದ ಕಥೆ ಇದಕ್ಕಿಂತ ದುರ್ಬಲ. ಹೈದರಾಲಿ ಅಲ್ಲಿ ಬೀಡುಬಿಟ್ಟಿದ್ದಾಗ ಟಿಪ್ಪು ಹುಟ್ಟಿದ ಕುಶಾಲದ ಸುದ್ದಿ ಬಂದದ್ದರಿಂದ ಆ ಹೆಸರಿಟ್ಟನೆನ್ನುತ್ತಾರೆ. ಟಿಪ್ಪು ದೇವನಹಳ್ಳಿಯಲ್ಲಿ ಹುಟ್ಟಿದ್ದು 1750ರ ನವೆಂಬರಿನಲ್ಲೆಂಬುದು ರೂಢಿಯ ಲೆಕ್ಕ. ಹೈದರ್ ಆಗಿನ್ನೂ ಮೈಸೂರಿನ ಸೈನ್ಯದಲ್ಲಿ ಮೇಲೇರುತ್ತಿದ್ದ ದಳವಾಯಿಗಳ ಕೈಕೆಳಗಿನವ, ಕೊಡಗಿನ ವ್ಯವಹಾರಕ್ಕೆ ಅವನು ಕೈಹಾಕಿದ್ದು 1760ರ ದಶಕದಲ್ಲಿ. ಹತ್ತು ವರ್ಷಕ್ಕೂ ಹೆಚ್ಚಿನ ಈ ಅಂತರವನ್ನು ಎಷ್ಟು ಬಾರಿ ತೋರಿಸಿದರೂ ಕಥೆ ಮತ್ತೆ ಮತ್ತೆ ಮುದ್ರಣವಾಗುತ್ತಲೇ ಇದೆ. ಪುರಾಣದ ಮಟ್ಟದಲ್ಲಿ ಇದೇ ಪ್ರವೃತ್ತಿ ಕೊಡಗು ಎಂಬ ನಾಡಿನ ಹೆಸರನ್ನೇ ಕಾವೇರಿ ಮಹಾತ್ಮೆಯ ‘ಕ್ರೋಡದೇಶ’ವಾಗಿಸಿ, ಹಂದಿ ಎಂಬರ್ಥದ ಸಂಸ್ಕೃತ ಪದಕ್ಕೆ ಗಂಟುಹಾಕಿದೆ. ಕೇಳಿದ ಧ್ವನಿಗೆ ಹತ್ತಿರದ ಬೇರೊಂದು ಪದವನ್ನು ತಂದು ಕಥೆಯಿಂದ ಜೋಡಿಸುವ ಈ ಕ್ರಿಯೆಗೆ ಜನಪದ ವ್ಯುತ್ಪತ್ತಿ ಎಂದು ಹೆಸರಿದ್ದರೂ ಅದನ್ನು ಮಾಡುವವರು ಯಾವಾಗಲೂ ಜನಪದರಲ್ಲ. ಆಸ್ಥಾನಗಳು, ಪುರಾಣಿಕರು, ಕಚೇರಿಗಳು ಮಾಡಿದ್ದೇ ಹೆಚ್ಚು.

‘ಮಡಿ’ ಎಂದರೆ ಶುದ್ಧ, ಮಡಿಕೇರಿ ಎಂದರೆ ಶುಚಿಯಾದ ಊರು ಎಂಬ ಇನ್ನೊಂದು ವಿವರಣೆಯನ್ನೂ ಕೆಲವರು ಕೊಡುತ್ತಾರೆ. ಧ್ವನಿಯ ದೃಷ್ಟಿಯಿಂದ ಇದು ನಿರ್ದೋಷಿ, ಇದ್ದುದನ್ನು ಇದ್ದಂತೆ ಬಿಟ್ಟಿದೆ ಎಂಬಷ್ಟರ ಮಟ್ಟಿಗೆ ಮುದ್ದುರಾಜನ ಕಥೆಗಿಂತ ಮೇಲು. ಆದರೆ ಊರಿಗೆ ಹೆಸರಿಟ್ಟವರು ತಮ್ಮ ನೆಲೆಯ ಶುಚಿತ್ವವನ್ನು ಹೊಗಳಿಕೊಂಡರೆಂಬುದು ಕೇರಿಯ ನೆಂಟರಲ್ಲಿ ಎಲ್ಲೂ ಕಾಣದ ಮಾದರಿ. ಮಡಿ ಎಂಬ ಪದಕ್ಕೆ ಕನ್ನಡದಲ್ಲಿ ಬೇರೊಂದು ಅರ್ಥವಿದೆ, ಅದು ಬೇಸಾಯಗಾರರ ನಾಲಗೆಯ ಮೇಲೆ ದಿನವೂ ಇರುವಂಥದ್ದು: ಏರಿಕಟ್ಟಿದ ಪಾತಿ, ಸಸಿ ಬೆಳೆಸುವ ಚೌಕ. ಭತ್ತದ ಒಟ್ಲಿಗೂ ಈಗ ಕಾಫಿ ನರ್ಸರಿಗಳಿಗೂ ಸಸಿಮಡಿ ಎಂಬ ಮಾತು ಬಳಕೆಯಲ್ಲಿದೆ. ಇಳಿಜಾರನ್ನು ಮೆಟ್ಟಿಲಾಗಿ ಕಡಿದು ಗದ್ದೆ ಮಾಡಿಕೊಂಡ ನಾಡಿನಲ್ಲಿ, ಒಂದು ಕೇರಿಯನ್ನು ಅದರ ಮಡಿಗಳಿಂದ ಗುರುತಿಸಿದರೆಂಬುದು ಹೊಸಕೇರಿಯನ್ನು ಹುದಿಕೇರಿ ಎಂದು ಕರೆದಷ್ಟೇ ಸಹಜ. ಮಡಚು, ಮಡಿಕೆ ಎಂಬ ಪದಗಳ ಮಡಿಯೂ, ಬೆಟ್ಟದ ಮಡಿಕೆಯ ಅರ್ಥದಲ್ಲಿ, ತಳ್ಳಿಹಾಕುವಂಥದ್ದಲ್ಲ. ಈ ಎರಡರಲ್ಲಿ ಯಾವುದು ಎಂಬುದನ್ನು ಹಳೆಯ ದಾಖಲೆಗಳೂ ಕೊಡವ ಆಡುಮಾತಿನ ಎಚ್ಚರದ ಅಧ್ಯಯನವೂ ತೀರ್ಮಾನಿಸಬೇಕು. ಎರಡೂ ನೆಲದ ಮಾತುಗಳೇ, ಎರಡಕ್ಕೂ ಒಂದಕ್ಷರವನ್ನೂ ಬದಲಿಸಬೇಕಾಗಿಲ್ಲ.

ಇಷ್ಟು ಸಣ್ಣ ಸಂಗತಿಗೆ ಇಷ್ಟು ವಾದವೇಕೆ ಎನ್ನುವವರು ಆ ಕಥೆ ಯಾರನ್ನು ಅಳಿಸುತ್ತದೆಂಬುದನ್ನು ನೋಡಬೇಕು. ಮುದ್ದುರಾಜಕೇರಿಯ ವಾಕ್ಯ ನಿಜವಾದರೆ 1681ಕ್ಕೆ ಮೊದಲು ಆ ಏಣಿಯಲ್ಲಿ ಹೆಸರಿಟ್ಟುಕೊಂಡು ಬದುಕಿದವರಾರೂ ಇರಲಿಲ್ಲ ಎಂದಾಗುತ್ತದೆ, ಊರು ಅರಸನ ಆಜ್ಞೆಯಿಂದ ಖಾಲಿ ಕಾಡಿನಲ್ಲಿ ಎದ್ದಿತೆಂದಾಗುತ್ತದೆ. ಕೇರಿ ಎಂಬ ಪದವೇ ಅದಕ್ಕೆ ವಿರುದ್ಧ ಸಾಕ್ಷಿ ಹೇಳುತ್ತಿದೆ. ಅಲ್ಲಿ ಉತ್ತವರಿದ್ದರು, ಕೆಲಸದವರಿದ್ದರು, ಅವರು ತಮ್ಮ ನೆಲೆಯನ್ನು ತಮ್ಮ ಮಾತಿನಲ್ಲಿ ಕರೆಯುತ್ತಿದ್ದರು. ಸ್ಥಳನಾಮಗಳನ್ನು ನಾಡಿನ ಚರಿತ್ರೆಯ ಆಕರವಾಗಿ ಓದುವುದನ್ನು ಕನ್ನಡಕ್ಕೆ ಕಲಿಸಿದ ಶಂಬಾ ಜೋಶಿಯವರು ‘ಎಡೆಗಳು ಹೇಳುವ ಕಂನಾಡ ಕಥೆ’ಯಲ್ಲಿ ಎಡೆಗಳ ಕಡೆಗೆ ಕಿವಿಗೊಟ್ಟದ್ದು ಇಂಥ ಜನರ ಸುಳಿವಿಗಾಗಿಯೇ. ಶಾಸನಗಳಲ್ಲಿ ದಾನ ಕೊಟ್ಟವನ ಹೆಸರಿರುತ್ತದೆ, ವಂಶಾವಳಿಗಳಲ್ಲಿ ಆಳಿದವನ ಹೆಸರಿರುತ್ತದೆ. ಉತ್ತವರು ಬಿಟ್ಟುಹೋದ ಬರಹವೆಂದರೆ ಊರಿನ ಹೆಸರೊಂದೇ. ಅದನ್ನೂ ಅರಸನ ಖಾತೆಗೆ ಬರೆಯುವುದು ಇತಿಹಾಸಕಾರರ ಕೆಲಸವಲ್ಲ.

ಎದುರುಪಕ್ಷಕ್ಕೆ ದಾರಿ ಮುಚ್ಚಿಲ್ಲ. ಹಾಲೇರಿ ಅರಸರ ಕಾಲದ ಒಂದು ತಾಮ್ರಪಟ, ಒಂದು ನಿರೂಪ, ದೊಡ್ಡವೀರರಾಜೇಂದ್ರನ ಅಪ್ಪಣೆಯಿಂದ 1808ರ ಹೊತ್ತಿಗೆ ಸಿದ್ಧವಾದ ‘ರಾಜೇಂದ್ರನಾಮೆ’ಯಂಥ ವೃತ್ತಾಂತದ ಒಂದು ಹಳೆಯ ಪ್ರತಿ, ಲಿಂಗರಾಜನ ಕಾಲದ ಭೂಕಂದಾಯದ ಶಿಸ್ತಿನ ಒಂದು ಹಾಳೆ, ಇವುಗಳಲ್ಲಿ ಎಲ್ಲಿಯಾದರೂ ಮುದ್ದುರಾಜಕೇರಿ ಎಂಬ ಪೂರ್ಣ ರೂಪವನ್ನೂ ಅದು ಮಡಿಕೇರಿಯಾಗುವ ನಡುವಿನ ಹಂತವೊಂದನ್ನೂ ತೋರಿಸಿದರೆ, ಇಲ್ಲಿನ ವಾದವನ್ನು ಹಿಂತೆಗೆದುಕೊಳ್ಳಬೇಕಾಗುತ್ತದೆ. ತೋರಿಸುವ ಹೊಣೆ ಆ ವಾಕ್ಯವನ್ನು ಬರೆಯುವವರದು, ಸಂಶಯಪಡುವವರದಲ್ಲ. ಅಲ್ಲಿಯವರೆಗೆ ಪಠ್ಯಪುಸ್ತಕಗಳೂ ಕೈಪಿಡಿಗಳೂ ಫಲಕಗಳೂ ಮುದ್ದುರಾಜನು 1681ರಲ್ಲಿ ಹಾಲೇರಿಯಿಂದ ಮಡಿಕೇರಿಗೆ ರಾಜಧಾನಿಯನ್ನು ಸಾಗಿಸಿ ಕೋಟೆ ಕಟ್ಟಿಸಿದನೆಂದು ಬರೆದು ಅಲ್ಲಿಗೆ ಪೂರ್ಣವಿರಾಮ ಹಾಕಬೇಕು.